ಬೇಗಂ ತಲಾಬಿನ ದಂಡೆಯ ಮೇಲೆ ಸುಮ್ನೆ ಕೂತು

ಮೊದಲನೇ ವರ್ಷ ನಾನು ನೋಡಿದ್ದು ಹಕ್ಕಿಗಳನ್ನಲ್ಲ, ಹಕ್ಕಿಗಳ ಬೆನ್ನನ್ನು. ಬೈಕನ್ನು ಕೆರೆ ದಂಡೆಯವರೆಗೂ ಓಡಿಸಿಕೊಂಡು ಹೋಗುತ್ತಿದ್ದೆ. ಮೈಮೇಲೆ ಕೆಂಪು ಸ್ವೆಟರ್. ಸ್ಟ್ಯಾಂಡ್ ಹಾಕುವಷ್ಟರಲ್ಲಿ ಈ ಕಡೆ ಇದ್ದದ್ದೆಲ್ಲ ಎದ್ದು ಆಚೆ ದಂಡೆ ಸೇರಿಬಿಡುತ್ತಿತ್ತು. ನಾನು ಸುತ್ತು ಹಾಕಿ ಅಲ್ಲಿಗೆ ಹೋದರೆ ಮತ್ತೆ ಈ ಕಡೆ. ಹಕ್ಕಿಗಳಿಗೆ ವ್ಯಾಯಾಮ, ನನಗೆ ಪೆಟ್ರೋಲ್ ಖರ್ಚು.

ವಿಜಯಪುರದಲ್ಲಿ ನನ್ನದೊಂದು ಸಣ್ಣ ಸ್ಟೇಷನರಿ ಅಂಗಡಿ. ಹತ್ತು ಗಂಟೆಗೆ ಬಾಗಿಲು ತೆಗೆಯಬೇಕು. ಹಾಗಾಗಿ ದೂರದ ಪಕ್ಷಿಧಾಮ ನನ್ನ ಪಾಲಿಗೆ ಇಲ್ಲ. ಊರಿನ ದಕ್ಷಿಣಕ್ಕಿರುವ ಬೇಗಂ ತಲಾಬ್ ಸಾಕು. 1651ರಲ್ಲಿ ಸುಲ್ತಾನ ಮುಹಮ್ಮದ್ ಆದಿಲ್ ಶಾಹನು ಜಹಾನ್ ಬೇಗಂಳ ನೆನಪಿಗೆ ಕಟ್ಟಿಸಿದ ಕೆರೆ ಇದು. ಇಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಹೋಗುತ್ತಿತ್ತು. ಗೋಳಗುಮ್ಮಟ ನೋಡಲು ಬಂದವರು ಇಲ್ಲಿಯವರೆಗೆ ಬರುವುದು ಕಡಿಮೆ. ನನಗದು ಒಳ್ಳೆಯದೇ ಆಯಿತು.

ಈಗ ಹೇಳುತ್ತಿರುವುದು ಫೆಬ್ರವರಿ ನಡುವಿನ ಒಂದು ಭಾನುವಾರದ ಮಾತು. ಶಿವರಾತ್ರಿಗೆ ಇನ್ನೂ ಹತ್ತು ದಿನ ಇತ್ತು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅಂತಾರಲ್ಲ, ಆ ಮುಂಜಾನೆಯ ಥಂಡಿಗೆ ಹೋಗುವ ಆಲೋಚನೆಯೇ ಇದ್ದಂತೆ ಕಾಣಲಿಲ್ಲ. ಫೋನ್ 12 ಡಿಗ್ರಿ ತೋರಿಸುತ್ತಿತ್ತು. ನಮ್ಮ ಕಡೆ ನೀರು ಹೆಪ್ಪುಗಟ್ಟುವುದಿಲ್ಲ. ಆದರೆ ಏಪ್ರಿಲ್‌ನಲ್ಲಿ 40 ದಾಟುವ ಊರಿನವರಿಗೆ 12 ಅಂದರೆ ಹಲ್ಲು ಕಟಕಟ ಅನ್ನುವ ಚಳಿಯೇ. ಹುಲ್ಲಿನ ಇಬ್ಬನಿಗೆ ಪ್ಯಾಂಟು ಮೊಣಕಾಲಿನವರೆಗೆ ತೊಯ್ದಿತ್ತು. ನೀರಿನ ಮೇಲೆ ಮೊಣಕಾಲೆತ್ತರ ಮಂಜು.

ಇಂಥ ಮುಂಜಾನೆ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದ್ದೆ. ಬೈನಾಕ್ಯುಲರನ್ನು ಸ್ವೆಟರ್ ಒಳಗೆ ಬೆಚ್ಚಗೆ ಇಟ್ಟುಕೊಂಡು ಹೋಗುವುದು. ಹೊರಗೆ ತೆಗೆದ ಕೂಡಲೇ ಕಣ್ಣಿನ ಕಡೆಯ ಗಾಜಿನ ಮೇಲೆ ಹಬೆ. ಒರೆಸು, ಮತ್ತೆ ಹಬೆ. ಈಗ ಮನೆಯಿಂದಲೇ ಅದನ್ನು ಕೊರಳಿಗೆ ಹಾಕಿ ಚಳಿಗೆ ಬಿಟ್ಟಿರುತ್ತೇನೆ. ನೋಡುವಾಗ ಉಸಿರು ಕೆಳಮುಖವಾಗಿ ಬಿಡುತ್ತೇನೆ. ನನ್ನದು 8x42, ಅಂದರೆ ಎಂಟು ಪಟ್ಟು ದೊಡ್ಡದು ಮಾಡಿ ತೋರಿಸುವಂಥದ್ದು, ಮುಂದಿನ ಗಾಜು 42 ಮಿಲಿಮೀಟರ್ ಅಗಲ. ಹತ್ತು ಪಟ್ಟು ದೊಡ್ಡದು ಮಾಡುವುದು ಬೇಕು ಅಂತ ಹಟ ಮಾಡಿದ್ದೆ, ಗೆಳೆಯನದ್ದು ಹಿಡಿದು ನೋಡಿದೆ. ಚಳಿಗೆ ಕೈ ನಡುಗಿದರೆ ಅದರಲ್ಲಿ ಕೆರೆಯೂ ನಡುಗುತ್ತದೆ.

ಎರಡನೆಯದು ಸೂರ್ಯನ ಲೆಕ್ಕ. ಮುಂಜಾನೆ ಮೂಡಣ ದಂಡೆಯಲ್ಲಿ ಕೂತು ಪಡುವಣಕ್ಕೆ ನೋಡಬೇಕು. ಬಿಸಿಲು ಬೆನ್ನಿಗಿರಬೇಕು. ಇಷ್ಟು ಸುಲಭದ ಮಾತು ತಲೆಗೆ ಹೋಗಲು ನನಗೆ ಒಂದು ಚಳಿಗಾಲ ಬೇಕಾಯಿತು. ಅಲ್ಲಿಯವರೆಗೆ ಎಲ್ಲ ಬಾತೂ ಕರಿ ಬಾತೇ.

ಮೂರನೆಯದನ್ನು ಹೇಳಿಕೊಟ್ಟವರು ಎಮ್ಮೆ ಕಾಯುವ ಒಬ್ಬ ಅಜ್ಜ. ಹಿಂದಿನ ವರ್ಷ ನನ್ನ ಓಡಾಟ ನೋಡಿ ನೋಡಿ ಸಾಕಾಗಿ ಒಂದು ದಿನ ಕರೆದರು. "ಸರ, ಎಮ್ಮಿ ಸನೇಕ ಕುಂದರ್ರಿ. ಅವಕ್ಕ ಎಮ್ಮಿ ಅಂದ್ರ ಅಂಜಿಕಿ ಇಲ್ಲ." ಅಷ್ಟೇ. ಅಂದಿನಿಂದ ಬೈಕು ಹಿಂದೆಯೇ ನಿಲ್ಲಿಸಿ, ಮಣ್ಣಿನ ಬಣ್ಣದ ಹಳೇ ಶಾಲು ಹೊದ್ದು, ಎಮ್ಮೆಗಳ ಪಕ್ಕ ಕೂರುತ್ತೇನೆ. ಇಪ್ಪತ್ತು ನಿಮಿಷ ಏನೂ ಮಾಡಬಾರದು. ಇದೇ ಕಷ್ಟದ ಕೆಲಸ. ಆಮೇಲೆ ಹಕ್ಕಿಗಳೇ ಬರುತ್ತವೆ.

ಆ ಭಾನುವಾರವೂ ಹಾಗೇ ಆಯಿತು. ಮೊದಲು ನಾಮದ ಕೋಳಿಗಳು. ಕರಿ ಮೈ, ಹಣೆಯಿಂದ ಕೊಕ್ಕಿನವರೆಗೆ ಬಿಳಿ ನಾಮ. ಇವು ನೀರಿನಿಂದ ನೇರ ಮೇಲೇಳಲಾರವು, ನೀರಿನ ಮೇಲೆ ಪಟಪಟ ಓಡಿಯೇ ಹಾರಬೇಕು. ಹಿಂದೆಯೇ ಸಲಿಕೆ ಕೊಕ್ಕಿನ ಬಾತುಗಳು, ಹದಿನಾಲ್ಕು. ನನಗೆ ಹತ್ತು ಮಾರು ದೂರದಲ್ಲಿ ಒಂದರ ಬಾಲಕ್ಕೆ ಇನ್ನೊಂದು ಕೊಕ್ಕು ಇಟ್ಟಂತೆ ಸಾಲುಗಟ್ಟಿ ಗಿರಗಿರ ಸುತ್ತತೊಡಗಿದವು. ತಲೆ ಎತ್ತುವುದೇ ಇಲ್ಲ. ಹೀಗೆ ಸುತ್ತಿದರೆ ನೀರು ಕದಡಿ ಕೆಳಗಿನ ಹುಳಹುಪ್ಪಟೆ ಮೇಲೆ ಬರುತ್ತದೆ. ಕೊಕ್ಕಿನ ಅಂಚಿಗೆ ಬಾಚಣಿಕೆಯಂಥ ಹಲ್ಲು. ನೀರು ಸೋಸಿ ಹೊರಗೆ, ತಿನಿಸು ಒಳಗೆ. ಕೊಕ್ಕು ಆಡಿಸುವ ಸಪ್ಪಳ ಕೂಡ ಕೇಳುತ್ತಿತ್ತು. ಇದನ್ನು ನೋಡುತ್ತ ಚಹಾ ಆರಿಹೋಯಿತು.

ಬಿಸಿಲು ಮೂಡುವ ಹೊತ್ತಿಗೆ ಆಕಾಶದಲ್ಲಿ 'ಆಂಗ್ ಆಂಗ್' ಅಂತ ಮೂಗಿನಲ್ಲಿ ಮಾತಾಡಿದ ಹಾಗೆ ಕೇಳಿತು. ಪಟ್ಟೆತಲೆ ಹೆಬ್ಬಾತುಗಳು. ಬಿಳಿ ತಲೆಯ ಹಿಂದೆ ಎರಡು ಕರಿ ಪಟ್ಟೆ, ನೋಡಿದರೆ ಮರೆಯುವುದಿಲ್ಲ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. ಟ್ರಾನ್ಸ್‌ಮಿಟರ್ ಕಟ್ಟಿ ಅಳೆದಾಗ ಒಂದು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಷ್ಟು ದೂರದಿಂದ ಬಂದು ರಾತ್ರಿಯೆಲ್ಲ ಏನು ಮಾಡುತ್ತವೆ ಗೊತ್ತಾ? ಅಜ್ಜ ಹೇಳಿದ್ದು: "ಮೊದಲ ಕಡ್ಲಿ ಹೊಲ, ಈಗ ಗೋದಿ ಹೊಲ. ಹೊಟ್ಟಿ ತುಂಬಿಸ್ಕೊಂಡು ಮುಂಜಾನೆ ಇಲ್ಲಿ ಮಲಗಾಕ ಬರ್ತಾವ." ಅದಕ್ಕೇ ನಾನು ಬೆಳಕು ಹರಿಯುವ ಮುಂಚೆಯೇ ಹೋಗಿ ಕೂರುವುದು.

ಎಣಿಸುವುದೇ ದೊಡ್ಡ ತಲೆನೋವು. ಹಿಂದಿನ ಪುಸ್ತಕದಲ್ಲಿ 'ನೂರಾರು' ಅಂತ ಬರೆದಿಟ್ಟಿದ್ದೆ. ಈಗ ಓದಿದರೆ ನಾಚಿಕೆಯಾಗುತ್ತದೆ. ಮೊದಲು ಗುಂಪಿನ ಒಂದು ತುದಿಯಲ್ಲಿ ಹತ್ತು ಎಣಿಸುತ್ತೇನೆ. ಆ ಹತ್ತು ಎಷ್ಟು ಜಾಗ ಹಿಡಿಯಿತು ಅಂತ ಕಣ್ಣಿನಲ್ಲಿ ಹಿಡಿದು, ಅದೇ ಅಳತೆ ಮುಂದೆ ಇಡುತ್ತ ಹೋಗುತ್ತೇನೆ, ನಮ್ಮಜ್ಜಿ ಸೇರಿನಲ್ಲಿ ಜೋಳ ಅಳೆದ ಹಾಗೆ. ಮೂರು ಸಲ ಎಣಿಸಿದೆ. 68, 74, 71. ಬರೆದದ್ದು 71. ಆ ವಾರ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಇತ್ತು, ನಮ್ಮಂಥ ಸಾಮಾನ್ಯ ಜನರೇ ಸೇರಿ ಮಾಡುವ ಹಕ್ಕಿ ಗಣತಿ. ಫೆಬ್ರವರಿ ನಡುವೆ ನಾಲ್ಕು ದಿನ ನಡೆಯುತ್ತದೆ. ಒಂದು ಕಡೆ ಕನಿಷ್ಠ 15 ನಿಮಿಷ ನೋಡಿ, ಕಂಡದ್ದನ್ನೆಲ್ಲ ಇ-ಬರ್ಡ್ ಆ್ಯಪ್‌ಗೆ ಹಾಕಿದರೆ ಆಯಿತು. ನಾನು ಹಾಕಿದೆ.

ಅಷ್ಟರಲ್ಲಿ ಕಾರಿನಲ್ಲಿ ಇಬ್ಬರು ಬಂದರು. ಮೊಳದುದ್ದದ ಲೆನ್ಸು. ಹೆಬ್ಬಾತು ಕೂತಿದ್ದರೆ ಫೋಟೋ ಚಂದ ಬರುವುದಿಲ್ಲವಂತೆ, ಒಬ್ಬ ಕಲ್ಲು ಬೀರಿದ. 71ಕ್ಕೆ 71 ಎದ್ದವು. ಇನ್ನು ಕೆಲವೇ ವಾರದಲ್ಲಿ ಹಿಮಾಲಯ ಹತ್ತಬೇಕಾದ ಹಕ್ಕಿಗಳು, ತಿಂದದ್ದನ್ನು ಮೈಗೆ ಹಚ್ಚಿಕೊಳ್ಳುವ ಹೊತ್ತು. ನಾನು ಬೈದೆ. ಅಜ್ಜ ನನಗಿಂತ ಚೆನ್ನಾಗಿ ಬೈದರು, ಆ ಮಾತು ಇಲ್ಲಿ ಬರೆಯುವಂತಿಲ್ಲ.

ಉದ್ದ ಕಾಲಿನ ಹಕ್ಕಿ ನೋಡಬೇಕೆಂದರೆ ತುಂಬಿದ ಕೆರೆ ಪ್ರಯೋಜನವಿಲ್ಲ ಅನ್ನುವುದು ನಾನು ತಡವಾಗಿ ಕಲಿತದ್ದು. ಕೆರೆ ತುಂಬಿದ್ದು ಕಂಡರೆ ನಮಗೆ ಹಿಗ್ಗು. ಮೆಟ್ಟುಗಾಲು ಹಕ್ಕಿಗೆ, ಗೊರವಗಳಿಗೆ ಮಾತ್ರ ಬೇಕಾದದ್ದು ಗೇಣುದ್ದ ನೀರು, ಕೆಸರು. ಅಂಥವಕ್ಕೆ ಕೃಷ್ಣೆ ಹಿಂದೆ ಸರಿದ ಮೇಲೆ ಆಲಮಟ್ಟಿ ಹಿನ್ನೀರಿಗೆ ಹೋಗಬೇಕು. ರಾಜಹಂಸಗಳೂ ಅಲ್ಲಿಗೇ ಬರುತ್ತವೆ. ವರ್ಷಕ್ಕೊಮ್ಮೆ ಅಂಗಡಿ ರಜೆ ಹಾಕಿ ಹೋಗುತ್ತೇನೆ, ಆ ಕಥೆ ಬೇರೆ.

ಹೋಳಿ ಮುಗಿದ ಮೇಲೆ ಮತ್ತೆ ಬೇಗಂ ತಲಾಬಿಗೆ ಹೋದೆ. ಸ್ವೆಟರ್ ಬೇಕಾಗಲಿಲ್ಲ. ಹೆಬ್ಬಾತು ಒಂದೂ ಇರಲಿಲ್ಲ. ಅಜ್ಜ ಎಮ್ಮೆಗಳ ಜೊತೆ ಇದ್ದರು. "ಹ್ವಾದವು ಬಿಡ್ರಿ. ಮೊನ್ನಿತನಕ ಎಪ್ಪತ್ಮೂರೂ ಇಲ್ಲೇ ಇದ್ದವು."

"ಎಪ್ಪತ್ಮೂರಾ?"

"ಹೂಂ. ಎಮ್ಮಿ ಜತಿ ದಿನಾ ಅವನೂ ಎಣಸ್ತೀನಲ್ಲ."

ಪುಸ್ತಕ ತೆಗೆದು ನೋಡಿದೆ. 71 ಹೊಡೆದುಹಾಕಲು ಮನಸ್ಸಾಗಲಿಲ್ಲ. ಪಕ್ಕದಲ್ಲಿ ಪೆನ್ಸಿಲಿನಿಂದ 73 ಅಂತ ಬರೆದುಕೊಂಡೆ.