ಮೂಲೆ ತುಂಬಿಸಿದ ಮೇಲೆ ಸರಿಹೋದ ಕೋಣೆ

ನನ್ನ ಸ್ಟುಡಿಯೋ ಅಂದ್ರೆ ಮನೆಯ ಒಂದು ಕೋಣೆ. ಉದ್ದ 4.2 ಮೀಟರ್, ಅಗಲ 3.2, ಎತ್ತರ 2.8. ರೆಕಾರ್ಡಿಂಗೂ ಅಲ್ಲೇ, ಮಿಕ್ಸಿಂಗೂ ಅಲ್ಲೇ. ಮೊದಲ ವರ್ಷವಿಡೀ ಒಂದೇ ತೊಂದರೆ ಕಾಡಿತು. ಕೂತು ಕೇಳಿದರೆ ಬೇಸ್ ಗಿಟಾರ್ ಸಾಲದು ಅನಿಸುತ್ತಿತ್ತು. ಏರಿಸುತ್ತಿದ್ದೆ. ಅದೇ ಹಾಡನ್ನು ಕಾರಿನಲ್ಲಿ ಹಾಕಿದರೆ ಬಾಗಿಲು ಗಡಗಡ ಅನ್ನುತ್ತಿತ್ತು, ಹಾಡಿದ ತಂಗಿಯ ದನಿ ಅದರಡಿ ಮುಚ್ಚಿಹೋಗುತ್ತಿತ್ತು.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. 2.5 ಸೆಂಟಿಮೀಟರ್ ದಪ್ಪದ ಫೋಮ್ ಚೌಕಗಳನ್ನು ತಂದು ಮೂರು ಗೋಡೆಗೂ ಅಂಟಿಸಿದೆ. ಚಪ್ಪಾಳೆ ತಟ್ಟಿದರೆ ಮೊದಲು ಕೇಳುತ್ತಿದ್ದ ಟಣಟಣ ಸದ್ದು ನಿಂತಿತು. ಖುಷಿಯಾಯಿತು. ಆದರೆ ತಂಗಿ ಹಾಡಿದಾಗ ದನಿಯಲ್ಲಿ ಹೊಳಪೇ ಇರಲಿಲ್ಲ, ಕಂಬಳಿ ಹೊದ್ದು ಹಾಡಿದ ಹಾಗೆ. ಬೇಸ್ (ತಗ್ಗಿನ ಸ್ವರಗಳ ಸದ್ದು) ಮಾತ್ರ ಹೇಗಿತ್ತೋ ಹಾಗೇ ಇತ್ತು.

ಯಾಕೆ ಅಂತ ಆಮೇಲೆ ಅರ್ಥವಾಯಿತು. ಗೋಡೆಗೆ ತಾಗಿದ ಜಾಗದಲ್ಲಿ ಗಾಳಿ ಅಲುಗಾಡುವುದೇ ಇಲ್ಲ. ಫೋಮ್, ಉಣ್ಣೆಯಂಥ ವಸ್ತುಗಳು ಸದ್ದನ್ನು ಹೀರುವುದು ತಮ್ಮೊಳಗೆ ಗಾಳಿ ಓಡಾಡುವಾಗ ಆಗುವ ತಿಕ್ಕಾಟದಿಂದ. ಗಾಳಿಯ ಓಡಾಟ ಅತಿ ಹೆಚ್ಚು ಇರುವುದು ಗೋಡೆಯಿಂದ ಸದ್ದಿನ ತರಂಗದ ಉದ್ದದ ಕಾಲು ಭಾಗದಷ್ಟು ದೂರದಲ್ಲಿ. 3,400 ಹರ್ಟ್ಸ್ ಸದ್ದಿಗೆ, ಅಂದ್ರೆ ಸೆಕೆಂಡಿಗೆ 3,400 ಸಲ ಕಂಪಿಸುವ ಸದ್ದಿಗೆ, ಆ ದೂರ 2.5 ಸೆಂಟಿಮೀಟರ್. 100 ಹರ್ಟ್ಸ್‌ಗೆ 86 ಸೆಂಟಿಮೀಟರ್! ನನ್ನ ತೆಳು ಫೋಮ್ ದನಿಯ ಹೊಳಪನ್ನೆಲ್ಲ ನುಂಗಿ, ಬೇಸನ್ನು ಮುಟ್ಟದೆ ಬಿಟ್ಟಿತ್ತು. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸಾಲದೇ ಅಂತ ಕೇಳುವವರಿಗೂ ನನ್ನ ಉತ್ತರ ಇದೇ.

ಆಮೇಲೆ ಒಂದು ಅಳತೆ ಮೈಕ್ ತಂದು, ಉಚಿತವಾಗಿ ಸಿಗುವ ರೂಮ್ ಇಕ್ಯು ವಿಝಾರ್ಡ್ ತಂತ್ರಾಂಶ ಹಾಕಿಕೊಂಡೆ. ನಾನು ಕೂರುವಾಗ ಕಿವಿ ಇರುವ ಜಾಗದಲ್ಲೇ ಮೈಕ್ ನಿಲ್ಲಿಸಿ 20 ಹರ್ಟ್ಸ್‌ನಿಂದ ಮೇಲೇರುತ್ತಾ ಹೋಗುವ ಸದ್ದು, ಅಂದ್ರೆ ಸ್ವೀಪ್, ಓಡಿಸಿದೆ. ತೆರೆಯ ಮೇಲಿನ ಗೆರೆಯಲ್ಲಿ 41ರ ಹತ್ತಿರ ಆಳದ ಗುಂಡಿ (ಸದ್ದು ತೀರಾ ಕಡಿಮೆ), 82ರ ಹತ್ತಿರ ದೊಡ್ಡ ಗುಡ್ಡ (ತೀರಾ ಜಾಸ್ತಿ). ಲೆಕ್ಕ ಹಾಕಿದರೆ ಸರಿಯಾಗಿ ಕೂತಿತು. ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ (ಸದ್ದು ಗೋಡೆಯಿಂದ ಗೋಡೆಗೆ ಹೋಗಿ ಬರುವ ದೂರ), ಅಂದ್ರೆ 8.4ರಿಂದ ಭಾಗಿಸಿದರೆ 40.8. ಅದರ ಎರಡರಷ್ಟು 81.7. ಬೇಸ್ ಗಿಟಾರಿನ ದಪ್ಪ ತಂತಿ, ಬೆರಳಿಡದೆ ಮೀಟಿದಾಗ ಬರುವ ಇ ಸ್ವರ, ನುಡಿಯುವುದು 41.2 ಹರ್ಟ್ಸ್‌ನಲ್ಲಿ. ಮಾಮೂಲಿ ಗಿಟಾರಿನ ಇ 82.4. ನನ್ನ ಕೋಣೆಯೂ ಆ ಎರಡು ಸ್ವರಕ್ಕೇ ಶ್ರುತಿಯಾಗಿತ್ತು!

ಅದನ್ನು ಕಿವಿಯಲ್ಲೇ ಕೇಳಬೇಕು ಅನಿಸಿತು. 41 ಹರ್ಟ್ಸ್ ಸ್ವರವನ್ನು ಒಂದೇ ಸಮ ಹಾಕಿ, ಮುಂದಿನ ಗೋಡೆಯಿಂದ ಹಿಂದಿನ ಗೋಡೆವರೆಗೆ ಕಣ್ಣು ಮುಚ್ಚಿ ನಿಧಾನವಾಗಿ ನಡೆದೆ. ಗೋಡೆಯ ಬಳಿ ಎದೆಗೇ ತಾಗುವಷ್ಟು ಸದ್ದು. ನಾಲ್ಕು ಹೆಜ್ಜೆ ಬಂದಾಗ ಸ್ಪೀಕರ್ ಆಫ್ ಆದ ಹಾಗೆ ಮೌನ. ಕಣ್ಣು ಬಿಟ್ಟು ನೋಡಿದರೆ ನನ್ನ ಕುರ್ಚಿ ಅಲ್ಲೇ, ಕೋಣೆಯ ನಟ್ಟನಡುವೆ. ಮತ್ತೆ ಹಿಂದಿನ ಗೋಡೆ ಬಳಿ ಅದೇ ಗುಡುಗು. ಇಲ್ಲದ ಬೇಸನ್ನು ತುಂಬಿಸಲು ಒಂದು ವರ್ಷ ಏರಿಸುತ್ತಾ ಇದ್ದೆ.

ಮೊದಲು ಮಾಡಿದ್ದು ಕುರ್ಚಿ ಸರಿಸಿದ್ದು. ಮುಂದಿನ ಗೋಡೆಯಿಂದ ಉದ್ದದ 38 ಶೇಕಡಾ ದೂರ ಒಳ್ಳೆಯ ಆರಂಭ ಅನ್ನುತ್ತಾರೆ. ನನಗೆ ಅದು 1.6 ಮೀಟರ್. ಬರೀ ಅರ್ಧ ಮೀಟರ್ ಮುಂದೆ ಬಂದದ್ದಕ್ಕೇ 41ರ ಗುಂಡಿ ಎಷ್ಟೋ ತುಂಬಿತು. ಎರಡು ಸ್ಪೀಕರ್ ಮತ್ತು ನನ್ನ ತಲೆ ಸಮತ್ರಿಕೋನ ಆಗುವ ಹಾಗೆ ಸ್ಟ್ಯಾಂಡ್‌ಗಳನ್ನೂ ಹೊಂದಿಸಿದೆ. ಏನೂ ಕೊಳ್ಳುವ ಮುಂಚೆ ಇದನ್ನು ಮಾಡಿ ನೋಡಿ.

ಆಮೇಲೆ ಮೂಲೆಗಳು. ಎಲ್ಲ ಬೇಸ್ ತರಂಗಗಳೂ ಮೂಲೆಯಲ್ಲಿ ಬಂದು ಗುಡ್ಡೆ ಬೀಳುತ್ತವೆ, ಅದಕ್ಕೇ ಅಲ್ಲಿ ಹಾಕಿದ್ದು ಜಾಸ್ತಿ ಕೆಲಸ ಮಾಡುತ್ತದೆ. ಘನ ಮೀಟರಿಗೆ 48 ಕೆಜಿ ತೂಗುವ ರಾಕ್‌ವೂಲ್ (ಕಲ್ಲಿನಿಂದ ಮಾಡಿದ ಉಣ್ಣೆ) ಹಲಗೆಗಳನ್ನು ತರಿಸಿದೆ. 120 ಸೆಂಟಿಮೀಟರ್ ಉದ್ದ, 60 ಅಗಲ, 5 ದಪ್ಪ. ಎರಡನ್ನು ಒಂದರ ಮೇಲೊಂದು ಇಟ್ಟು 10 ಸೆಂಟಿಮೀಟರ್ ಮಾಡಿದೆ. ಸುತ್ತ ಮರದ ಚೌಕಟ್ಟು, ಮೇಲೆ ಬಟ್ಟೆ, ಹಿಂದೆ ಸ್ಟೇಪಲ್, ಪ್ಯಾನೆಲ್ ಸಿದ್ಧ. ಬಟ್ಟೆಯನ್ನು ಬಾಯಿಗೆ ಒತ್ತಿ ಊದಿ ನೋಡಬೇಕು. ಉಸಿರು ಆರಾಮಾಗಿ ಆಚೆ ಹೋದರೆ ಸರಿ, ತಡೆದರೆ ಬೇಡ. ಕೈಗವಸು, ಮಾಸ್ಕ್, ತುಂಬು ತೋಳಿನ ಅಂಗಿ ಇಲ್ಲದೆ ರಾಕ್‌ವೂಲ್ ಮುಟ್ಟಲೇಬೇಡಿ. ಮೊದಲ ದಿನ ಅರ್ಧ ತೋಳಿನ ಅಂಗಿಯಲ್ಲಿ ಕತ್ತರಿಸಿ, ರಾತ್ರಿಯೆಲ್ಲ ಕೈ ತುರಿಸಿಕೊಂಡೆ.

ಇವನ್ನು ಮೂಲೆಗೆ ಅಡ್ಡಲಾಗಿ, ಎರಡೂ ಗೋಡೆ ಮುಟ್ಟುವ ಹಾಗೆ ಓರೆಯಾಗಿ ನಿಲ್ಲಿಸಿದೆ. ಆಗ ಹಿಂದೆ ತ್ರಿಕೋನದ ಖಾಲಿ ಜಾಗ ಉಳಿಯುತ್ತದೆ, ನಡುವೆ ಅಳೆದರೆ ಸುಮಾರು 30 ಸೆಂಟಿಮೀಟರ್. ಆ ಖಾಲಿ ಜಾಗ ದಂಡವಲ್ಲ. ಉಣ್ಣೆ ಗೋಡೆಯಿಂದ ದೂರ ಬಂದಷ್ಟೂ ಗಾಳಿ ಓಡಾಡುವ ಕಡೆ ನಿಲ್ಲುತ್ತದೆ, ಇನ್ನೂ ಕೆಳಗಿನ ಸ್ವರಗಳನ್ನು ಹಿಡಿಯುತ್ತದೆ. ಒಂದು ಮೂಲೆಯಲ್ಲಿ ಬಾಗಿಲಿದೆ. ಉಳಿದ ಮೂರರಲ್ಲಿ ಒಂದರ ಮೇಲೊಂದರಂತೆ ಎರಡೆರಡು ನಿಲ್ಲಿಸಿದೆ. ಹಿಂದಿನ ಗೋಡೆಗೂ ಒಂದು ದಪ್ಪ ಪ್ಯಾನೆಲ್ ಹಾಕಿದೆ.

ಪಕ್ಕದ ಗೋಡೆಗಳ ಕೆಲಸಕ್ಕೆ ಒಂದು ಕನ್ನಡಿ ಸಾಕಾಯಿತು. ನಾನು ಕುರ್ಚಿಯಲ್ಲಿ ಕೂತೆ, ತಂಗಿ ಗೋಡೆಗೆ ಕನ್ನಡಿ ಒತ್ತಿ ಸರಿಸುತ್ತಾ ಬಂದಳು.

"ಕಾಣ್ತಾ ಅಣ್ಣಾ?"

"ಇಲ್ಲ ಕಣೇ, ಇನ್ನೊಂಚೂರು ಮುಂದೆ. ಹಾಂ, ಅಲ್ಲೇ ನಿಲ್ಸು."

ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗಕ್ಕೆ ಪೆನ್ಸಿಲ್ ಗುರುತು. ಸದ್ದು ಗೋಡೆಗೆ ಬಡಿದು ನೇರ ಕಿವಿಗೆ ಬರುವ ಜಾಗ ಅದು. ಎರಡೂ ಬದಿಗೆ ಒಂದೊಂದು ಪ್ಯಾನೆಲ್ ಬಂತು. ಹಳೆ ಫೋಮ್ ಕಿತ್ತಾಗ ಗೋಡೆಯ ಬಣ್ಣವೂ ಚಕ್ಕೆ ಚಕ್ಕೆಯಾಗಿ ಬಂತು, ಅದಕ್ಕೇ ಈ ಸಲ ಅಂಟಿಲ್ಲ, ಕೊಕ್ಕೆಗೆ ನೇತುಹಾಕಿದೆ. ಉಳಿದ ಗೋಡೆಯನ್ನು ಬರಿದಾಗಿಯೇ ಬಿಟ್ಟೆ. ದನಿಗೆ ಹೊಳಪು ವಾಪಸು ಬಂದದ್ದು ಅದರಿಂದ.

ತಂಗಿ ಹಾಡುವಾಗ ಅವಳ ಬೆನ್ನ ಹಿಂದೆ ಒಂದು ದಪ್ಪ ಪ್ಯಾನೆಲ್ ನಿಲ್ಲಿಸುತ್ತೇನೆ. ಕಾರ್ಡಿಯಾಯ್ಡ್ ಮೈಕ್ ತನ್ನ ಹಿಂಬದಿಯಿಂದ ಕಡಿಮೆ ಕೇಳುತ್ತದೆ, ಮುಂದಿನಿಂದ ಜಾಸ್ತಿ. ಅಂದ ಮೇಲೆ ಅದರ ಮುಂದೆ ಇರುವುದು ಹಾಡುವವರ ಬೆನ್ನ ಹಿಂದಿನ ಗೋಡೆ ಅಲ್ವಾ?

ಇದ್ಯಾವುದೂ ಸದ್ದು ಆಚೆ ಹೋಗದ ಹಾಗೆ ತಡೆಯುವುದಿಲ್ಲ. ಅದಕ್ಕೆ ಬೇಕಾದ್ದು ಭಾರದ ಗೋಡೆ, ಸಂದಿಯಿಲ್ಲದ ಬಾಗಿಲು. ರಾತ್ರಿ ಡ್ರಮ್ ಹಾಕುವುದನ್ನು ನಾನು ಈಗಲೂ ಮಾಡುವುದಿಲ್ಲ.

ಮತ್ತೆ ಸ್ವೀಪ್ ಓಡಿಸಿದೆ. 82ರ ಗುಡ್ಡ ಪೂರ್ತಿ ಹೋಗಿಲ್ಲ, ಆದರೆ ತಗ್ಗಿದೆ. ಮುಖ್ಯವಾಗಿ, ಆ ಸ್ವರ ಈಗ ಬಾಲ ಎಳೆಯುವುದಿಲ್ಲ. ತಂತಿಯನ್ನು ಅಂಗೈಯಿಂದ ಒತ್ತಿ ನಿಲ್ಲಿಸಿದರೆ ಕೋಣೆಯೂ ನಿಲ್ಲುತ್ತದೆ. ಮುಂಚೆ ತಂತಿ ನಿಂತ ಮೇಲೂ ಕೋಣೆ ಗುಂಯ್ ಅನ್ನುತ್ತಿತ್ತು. ತಂಗಿಯ ಹಾಡನ್ನು ಹೊಸದಾಗಿ ಮಿಕ್ಸ್ ಮಾಡಿ ಕಾರಿಗೆ ತಂದೆ. ಬೇಸ್ ಇತ್ತು, ಅವಳ ದನಿ ಅದರ ಮೇಲೆ ಸ್ಪಷ್ಟವಾಗಿ ಕೂತಿತ್ತು. ಪಕ್ಕದಲ್ಲಿದ್ದ ಅವಳೇ ವಾಲ್ಯೂಮ್ ಜಾಸ್ತಿ ಮಾಡಿದಳು.

54 ಹರ್ಟ್ಸ್‌ನಲ್ಲಿ ಒಂದು ಗುಂಡಿ ಇನ್ನೂ ಇದೆ. ಅದು ಕೋಣೆಯ ಅಗಲದ್ದು. ಸ್ಟೀರಿಯೋಗಾಗಿ ಅಗಲದ ನಟ್ಟನಡುವೆ ಕೂರಲೇಬೇಕು, ಹಾಗಾಗಿ ಕುರ್ಚಿ ಸರಿಸುವ ಹಾಗಿಲ್ಲ. ಆ ಸ್ವರಗಳನ್ನು ಮಾತ್ರ ಹೆಡ್‌ಫೋನ್‌ನಲ್ಲಿ ಕೇಳಿ ತೀರ್ಮಾನ ಮಾಡುತ್ತೇನೆ.