ನಿಮ್ಮ ಕೈಕೆಲಸ ಪತ್ರಿಕೆಯಲ್ಲಿ ಬರಬೇಕಾದರೆ

ನಾನು ಕಸೂತಿ ಹಾಕುವವಳು. ತವರು ಧಾರವಾಡ, ಈಗ ಮನೆ ಬೆಂಗಳೂರಿನ ಹನುಮಂತನಗರದಲ್ಲಿ. ಮನೆಯಲ್ಲೇ ಕೂತು ಕೈಕೆಲಸ ಮಾಡುವ ಗೆಳತಿಯರು ‘ಪತ್ರಿಕೆಯಲ್ಲಿ ಬರೋದು ಹೇಗೆ?’ ಅಂತ ಕೇಳುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗಾಂಧಿ ಬಜಾರಿಗೋ ಮಲ್ಲೇಶ್ವರಕ್ಕೋ ಹೋದಾಗ ಒಂದೆರಡು ಪತ್ರಿಕೆ ಕೊಂಡು ತನ್ನಿ. ಸುಧಾ, ತರಂಗ ವಾರಕ್ಕೊಮ್ಮೆ ಬರುತ್ತವೆ. ಮಯೂರ, ತುಷಾರ ತಿಂಗಳಿಗೊಮ್ಮೆ. ಕರಕುಶಲದ ಬರಹ ಯಾವುದರಲ್ಲಿ, ಯಾವ ಪುಟದಲ್ಲಿ, ಎಷ್ಟು ಉದ್ದ ಬರುತ್ತದೆ ನೋಡಿ. ಓದದ ಪತ್ರಿಕೆಗೆ ಸುಮ್ನೆ ಬರೆದು ಕಳಿಸಬೇಡಿ.

‘ನಮ್ಮಲ್ಲಿ ಸೀರೆ, ಕುಶನ್ ಕವರ್ ಸಿಗುತ್ತವೆ’ ಎಂದು ಬರೆದರೆ ಅದು ಜಾಹೀರಾತು. ಅದಕ್ಕೆ ದುಡ್ಡು ಕೊಟ್ಟು ಜಾಗ ತೆಗೆದುಕೊಳ್ಳಬೇಕು. ಓದುಗರಿಗೆ ಬೇಕಾಗಿರುವುದು ಕೆಲಸ ನಡೆಯುವ ಬಗೆ. ಕಸೂತಿಯನ್ನೇ ನೋಡಿ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ, ಎಳೆ ಎಣಿಸುತ್ತಲೇ ಗೋಪುರ, ತೇರು, ತುಳಸಿಕಟ್ಟೆ ಎಬ್ಬಿಸುತ್ತೇವೆ. ಗವಂತಿ ಎಂಬ ಕಸೂತಿ ಹೊಲಿಗೆಯಲ್ಲಿ ಸೂಜಿ ಎಳೆ ಬಿಟ್ಟು ಎಳೆ ಹೋಗಿ, ಬಿಟ್ಟ ಜಾಗ ತುಂಬಿಕೊಂಡು ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ದಾರಕ್ಕೆ ಗಂಟಿಲ್ಲ. ಹಿಂದೆ ಮುಂದೆ ಎರಡೂ ಕಡೆ ಒಂದೇ ಚಿತ್ರ! ಇಷ್ಟು ಬರೆದರೆ ಸಂಪಾದಕರು ಮುಂದೆ ಓದುತ್ತಾರೆ. ನಿಮ್ಮದು ಬುಟ್ಟಿಯಾಗಲಿ, ಮಡಕೆಯಾಗಲಿ, ಇಂಥದ್ದೊಂದು ಸಂಗತಿ ಇದ್ದೇ ಇರುತ್ತದೆ. ಅದನ್ನೇ ಮೊದಲ ಸಾಲಿಗೆ ತನ್ನಿ.

ಫೋಟೋಗೆ ಜಾಸ್ತಿ ಗಮನ ಕೊಡಿ. ಬೆಳಿಗ್ಗೆ ಕಿಟಕಿ ಪಕ್ಕ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಕೈ ಮತ್ತು ಸೂಜಿ ಹತ್ತಿರದಿಂದ ಒಂದು, ಬಟ್ಟೆಯ ಹಿಂಬದಿ ಒಂದು, ಪೂರ್ತಿ ಸೀರೆ ಒಂದು. ಅಚ್ಚಿಗೆ ಸಾಮಾನ್ಯವಾಗಿ ಇಂಚಿಗೆ 300 ಪಿಕ್ಸೆಲ್ ಬೇಕು. ಅಂದರೆ 10 ಸೆಂ.ಮೀ. ಅಗಲದ ಚಿತ್ರಕ್ಕೆ ಸುಮಾರು 1200 ಪಿಕ್ಸೆಲ್. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ. ಮೂಲ ಫೈಲನ್ನೇ ಇಮೇಲ್ ಮಾಡಿ. ಬರಹವನ್ನು ಯೂನಿಕೋಡ್‌ನಲ್ಲಿ (ಯಾವ ಫೋನ್, ಕಂಪ್ಯೂಟರಿನಲ್ಲೂ ಸರಿಯಾಗಿ ಕಾಣುವ ಅಕ್ಷರ) ಟೈಪ್ ಮಾಡಿದರೆ ಒಳ್ಳೆಯದು.

ಹಬ್ಬದ ವಿಶೇಷಾಂಕಗಳ ಕೆಲಸ ಬಹಳ ಮೊದಲೇ ಶುರುವಾಗುತ್ತದೆ. ದೀಪಾವಳಿಗೆ ಬರಬೇಕೆಂದರೆ ಶ್ರಾವಣದಲ್ಲೇ ಕಳಿಸಿಬಿಡಿ. ಒಂದೇ ಬರಹವನ್ನು ಒಂದೇ ಸಲ ನಾಲ್ಕು ಕಡೆ ಕಳಿಸುವುದು ಸರಿಯಲ್ಲ. ಉತ್ತರ ಬರದಿದ್ದರೆ ಮೂರ್ನಾಲ್ಕು ವಾರ ಬಿಟ್ಟು ಒಮ್ಮೆ ನೆನಪಿಸಿ. ಬರಹದ ಕೊನೆಗೆ ನಿಮ್ಮ ಫೋನ್ ನಂಬರ್ ಹಾಕುತ್ತಾರಾ ಅಂತಲೂ ಆಗಲೇ ಕೇಳಿಕೊಳ್ಳಿ. ಊರಿನಲ್ಲಿರುವ ಓದುಗರು ನಿಮ್ಮನ್ನು ಹುಡುಕೋದು ಅದರಿಂದಲೇ ಅಲ್ವಾ?

ಅಚ್ಚಾದ ಮೇಲೆ ಒಂದಷ್ಟು ಪ್ರತಿ ಕೊಂಡಿಟ್ಟುಕೊಳ್ಳಿ, ಮುಂದೆ ಮೇಳಗಳಲ್ಲಿ ಮೇಜಿನ ಮೇಲೆ ಇಡಲು ಬೇಕಾಗುತ್ತದೆ. ಫೋನ್ ಮಾಡುವವರಿಗೆ ಸೀರೆ ಯಾವ ತಿಂಗಳು ಕೈಗೆ ಸಿಗುತ್ತದೆ ಎಂದು ಮೊದಲೇ ಹೇಳಿ, ಅವರು ಒಪ್ಪಿದ ಮೇಲಷ್ಟೇ ಮುಂಗಡ ತೆಗೆದುಕೊಳ್ಳಿ.