ಲೋಬ್‌ಗೆಸಾಂಗ್‌ನ ಹೊಸ ರೆಕಾರ್ಡಿಂಗ್ ಸಿಕ್ಕರೆ ಕೇಳುವುದು ಹೀಗೆ

ವಿರಾಜಪೇಟೆಯಲ್ಲಿ ಲಗ್ನಪತ್ರಿಕೆ, ಬಿಲ್ ಬುಕ್ಕು ಅಚ್ಚು ಹಾಕುವವನಿಗೆ ಜರ್ಮನ್ ಕೋರಸ್‌ನ ಹುಚ್ಚು ಯಾಕೆ ಅಂತ ಕೇಳುವವರಿದ್ದಾರೆ. ಜರ್ಮನ್ ಸಂಗೀತಗಾರ ಮೆಂಡೆಲ್ಸನ್‌ನ ಎರಡನೇ ಸಿಂಫನಿ (ಆರ್ಕೆಸ್ಟ್ರಾಕ್ಕೆಂದು ಬರೆದ ದೊಡ್ಡ ಕೃತಿ) ನಮ್ಮ ಕಸುಬಿನದು, ಅದಕ್ಕೆ. ಗುಟೆನ್‌ಬರ್ಗ್‌ನ ಮುದ್ರಣಕ್ಕೆ 400 ವರ್ಷ ತುಂಬಿದ ಹಬ್ಬಕ್ಕೆಂದು ಬರೆದ ಈ 'ಲೋಬ್‌ಗೆಸಾಂಗ್' (ಸ್ತುತಿಗೀತೆ) ಅನ್ನು 1840ರ ಜೂನ್ 25ರಂದು ಲೈಪ್‌ಜಿಗ್‌ನ ಸೇಂಟ್ ಥಾಮಸ್ ಚರ್ಚಿನಲ್ಲಿ ಮೊದಲು ನುಡಿಸಿದರು. ಮೂರು ವರ್ಷ ಕಳೆದು ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದರು. ಆಮೇಲೆ ನಮ್ಮ ಕೊಡಗಿಗೂ ಬಂದು ಕೆಲಸ ಮಾಡಿದರು.

ಮೊದಲು ಬೀಥೋವನ್‌ನ ಒಂಬತ್ತನೇ ಸಿಂಫನಿಯನ್ನು ತಲೆಯಿಂದ ತೆಗೆದಿಡಿ. ಮೂರು ಭಾಗ ವಾದ್ಯ, ಕೊನೆಗೆ ಹಾಡು ಅಂದಕೂಡಲೇ ಇದು ನಕಲು ಅಂದುಬಿಟ್ಟರು, ಆ ಮಾತು ಇವತ್ತಿಗೂ ಬಿಟ್ಟಿಲ್ಲ. ಅಲ್ಲಿ ಹಾಡು ಕೊನೆಯ ಒಂದೇ ಭಾಗದಲ್ಲಿ. ಇಲ್ಲಿ ಒಂಬತ್ತು ತುಂಡು ಹಾಡು, ಅರ್ಧಕ್ಕೂ ಹೆಚ್ಚು ಹೊತ್ತು ಅದೇ. (ವಾದ್ಯದ ಮೂರೂ ಭಾಗ ಸೇರಿ ಒಂದನೇ ತುಂಡು, ಹಾಡು ಎರಡರಿಂದ ಹತ್ತರವರೆಗೆ.) ಮೆಂಡೆಲ್ಸನ್ ಇದನ್ನು ಸಿಂಫನಿ-ಕಂಟಾಟಾ (ಕಂಟಾಟಾ ಅಂದರೆ ವಾದ್ಯದೊಂದಿಗೆ ಹಾಡುವ ಕೃತಿ) ಅಂತಲೇ ಕರೆದ.

ಮಳೆಗಾಲದಲ್ಲಿ ಕೇಳಲು ಕೂರಬೇಡಿ. ಕಕ್ಕಡ ತಿಂಗಳ ಮಳೆ ಶೀಟಿನ ಮೇಲೆ ಬೀಳುತ್ತಿದ್ದರೆ ಪಕ್ಕದವರ ಮಾತೇ ಕೇಳಿಸದು, ಪಿಟೀಲಿನ ಮಾತು ಬಿಡಿ. ಕರೆಂಟೂ ಇರುವುದಿಲ್ಲ. ಹುತ್ತರಿ ಹಬ್ಬ ಕಳೆದ ಮೇಲೆ ಒಂದು ರಾತ್ರಿ ಒಂದು ಗಂಟೆಗೂ ಚೂರು ಹೆಚ್ಚು ಹೊತ್ತು ಬಿಡುವು ಮಾಡಿಕೊಳ್ಳಿ. ನೆಟ್‌ವರ್ಕ್ ನಂಬದೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಶಫಲ್ ತೆಗೆಯಿರಿ. ವಾದ್ಯದ ಮೂರೂ ಭಾಗ ಒಂದಕ್ಕೊಂದು ಕೂಡಿಕೊಂಡೇ ಸಾಗುವುದರಿಂದ ಭಾಗಗಳ ನಡುವೆ ಆಪ್ ಮೌನ ತೂರಿಸದಂತೆಯೂ ನೋಡಿಕೊಳ್ಳಿ.

ವಾಲ್ಯೂಮ್ ಹೊಂದಿಸಲು ಎಲ್ಲರೂ ಶುರುವಿನ ಟ್ರಾಂಬೋನ್ (ಜೋರು ದನಿಯ ಹಿತ್ತಾಳೆ ವಾದ್ಯ) ಹಿಡಿಯುತ್ತಾರೆ. ಹಾಗೆ ಮಾಡಿದರೆ ಎಂಟನೇ ತುಂಡಿನಲ್ಲಿ ಏನೂ ಕೇಳಿಸದು. 'ನುನ್ ಡಾಂಕೆಟ್' ಎಂಬ ಹಳೇ ಚರ್ಚ್ ಹಾಡಿನ ಮೊದಲ ಚರಣಕ್ಕೆ ಅಲ್ಲಿ ವಾದ್ಯವೇ ಇಲ್ಲ, ಬರೀ ಕಂಠ. ಅದನ್ನು ಮೊದಲು ಹಾಕಿ ಅದಕ್ಕೆ ತಕ್ಕಂತೆ ಹೊಂದಿಸಿ. ಕೋರಸ್ ಎಂಥದು ಅಂತ ಗೊತ್ತಾಗುವುದೂ ಅಲ್ಲೇ: ಪದದ ಕೊನೆಯ ವ್ಯಂಜನ ಸವೆದ ಅಚ್ಚುಮೊಳೆಯ ಹಾಗೆ ಮಸುಕಾದರೆ ಆ ರೆಕಾರ್ಡಿಂಗ್ ನನಗೆ ಬೇಡ.

ಈಗ ಶುರುವಿನಿಂದ ಕೇಳಿ. ಟ್ರಾಂಬೋನ್ ನುಡಿಸುವ ಸಾಲಿಗೆ ಮುಂದೆ ಕೋರಸ್ ಮಾತು ಕೊಡುತ್ತದೆ, ಉಸಿರಿರುವುದೆಲ್ಲ ದೇವರನ್ನು ಹೊಗಳಲಿ ಅಂತ, ಬೈಬಲ್‌ನ 150ನೇ ಕೀರ್ತನೆಯದು. ಗಾಂಭೀರ್ಯ ಬರಲಿ ಅಂತ ಅದನ್ನು ಎಳೆಯುವ ಆರ್ಕೆಸ್ಟ್ರಾ ನಿರ್ವಾಹಕರಿದ್ದಾರೆ. ಎಳೆದರೆ ಮುಂದಿನ ವೇಗದ ಭಾಗ ಮುಗ್ಗರಿಸುತ್ತದೆ.

ಇಡೀ ಕೃತಿಯ ಜೀವ ಆರನೇ ತುಂಡಿನಲ್ಲಿದೆ. 'ಕಾವಲುಗಾರ, ರಾತ್ರಿ ಬೇಗ ಕಳೆಯುವುದೇ?' ಅಂತ ಟೆನರ್ (ಏರುದನಿಯ ಗಾಯಕ) ಕೇಳುತ್ತಾನೆ. ಮೂರು ಸಲ, ಪ್ರತಿ ಸಲವೂ ಒಂದು ಸ್ವರ ಮೇಲೆ. ಬೆಳಗಾದರೂ ಮತ್ತೆ ರಾತ್ರಿ ಬರುತ್ತದೆ ಅಂತ ಕಾವಲುಗಾರನ ಉತ್ತರ. ಆಗ ಸೊಪ್ರಾನೊ (ಏರುದನಿಯ ಗಾಯಕಿ) ಒಬ್ಬಳೇ 'ರಾತ್ರಿ ಕಳೆಯಿತು' ಅನ್ನುತ್ತಾಳೆ, ಹಿಂದೆಯೇ ಏಳನೇ ತುಂಡಿನಲ್ಲಿ ಕೋರಸ್ ನುಗ್ಗುತ್ತದೆ. ಮೂರನೇ ಪ್ರಶ್ನೆಗೆ ಟೆನರ್‌ನ ದನಿಯಲ್ಲಿ ದಿಗಿಲು ಬರಬೇಕು; ಮೂರೂ ಒಂದೇ ಥರ ಕೇಳಿಸಿದರೆ ಅವನು ಅರ್ಥ ತಿಳಿಯದೆ ಹಾಡಿದ್ದಾನೆ. ಸೊಪ್ರಾನೊ ಕಿರುಚಬಾರದು.

ಕೊಳ್ಳುವ ಮುಂಚೆ ಯಾವ ಪಾಠ, ಅಂದರೆ ಕೃತಿಯ ಯಾವ ರೂಪ ಅಂತ ನೋಡಿ. ಈ ಕಾವಲುಗಾರನ ಪ್ರಸಂಗ ಮೊದಲ ಪ್ರದರ್ಶನದಲ್ಲಿ ಇರಲಿಲ್ಲ, ಮೆಂಡೆಲ್ಸನ್ ಅದೇ ವರ್ಷ ಆಮೇಲೆ ಸೇರಿಸಿದ್ದು. ನಿರ್ವಾಹಕ ರಿಕಾರ್ಡೊ ಷೈಯಿ 2005ರಲ್ಲಿ ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ಆರ್ಕೆಸ್ಟ್ರಾ ಜೊತೆ ರೆಕಾರ್ಡ್ ಮಾಡಿದ್ದು ಆ ಹಳೇ ಪಾಠವನ್ನೇ. ಹೋಲಿಸಿ ನೋಡಲು ಒಳ್ಳೆಯದು, ಮೊದಲ ಸಲ ಕೇಳಲು ಬೇಡ.

ಕಾಫಿ ಕುಯ್ಲಿನ ದಿನಗಳಲ್ಲಿ ಪೂರ್ತಿ ಕೇಳಲು ಪುರಸೊತ್ತಿಲ್ಲವೇ? ಆರರಿಂದ ಎಂಟರವರೆಗೆ ಹಾಕಿ, ಹೆಚ್ಚುಕಡಿಮೆ ಕಾಲು ಗಂಟೆ. ವಾದ್ಯದ ಮೂರನೇ ನಿಧಾನ ಭಾಗ ಬಿಟ್ಟರೆ ನಾನೇನೂ ಜಗಳಕ್ಕೆ ಬರುವುದಿಲ್ಲ. ಎರಡನೆಯದನ್ನು ಬಿಟ್ಟರೆ ಬರುತ್ತೇನೆ.